ತಪ್ಪಿ ಬಂದದ್ದಲ್ಲ

ಒದ್ದೆ ಹೊದಿಕೆಯನ್ನು ಕೊಡವಿ, ಬಾಲ್ಕನಿಯಲ್ಲಿ ನಿಲ್ಲಿಸಿದ್ದ ಉಕ್ಕಿನ ಕಮಾನಿನ ಮೇಲೆ ಹರಡುತ್ತಿದ್ದವಳಿಗೆ ಕೆಳಗೆ, ರಸ್ತೆಯ ಆಚೆ ಬದಿಯಲ್ಲಿ, ಅತ್ತೆ ನಿಂತಿರುವುದು ಕಾಣಿಸಿತು. ಬಿಟ್ಟು ಬಂದ ಗಂಡನ ತಾಯಿ. ಕಣ್ಣಿಗೆ ಕೈ ಅಡ್ಡ ಹಿಡಿದು ಒಂದೊಂದೇ ಕಟ್ಟಡದ ನಂಬರು ಓದುತ್ತಿದ್ದರು. ಮೊದಲು ಅನ್ನಿಸಿದ್ದು, ಓಡಿಹೋಗಿ ಕರೆದುಕೊಂಡು ಬರಬೇಕು ಎಂದು. ಮಾಡಿದ್ದು ಮಾತ್ರ ಬೇರೆ: ಹೊದಿಕೆಯ ಮರೆಗೆ ಸರಿದು, ಮಂಡಿ ಮಡಚಿ, ಬಾಲ್ಕನಿಯ ನೆಲದ ಮೇಲೆ ಕೂತುಬಿಟ್ಟಳು. ಹೊದಿಕೆಯಿಂದ ನೀರು ತೊಟ್ಟಿಕ್ಕಿ ಕತ್ತಿನೊಳಗೆ ಇಳಿಯಿತು. ನಲವತ್ತು ದಾಟಿದ ಹೆಂಗಸು, ದಿನವಿಡೀ ಎಕ್ಸ್-ರೇ ಕೋಣೆಯಲ್ಲಿ ಬಂದವರನ್ನೆಲ್ಲ ‘ಅಲ್ಲಾಡಬೇಡಿ’ ಎಂದು ಗದರಿಸಿ ನಿಲ್ಲಿಸುವವಳು, ಒಬ್ಬ ಮುದುಕಿಗೆ ಹೆದರಿ ತನ್ನ ಮನೆಯಲ್ಲೇ ಅಡಗಿ ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು. ಇದು ಹೆದರಿಕೆಯಲ್ಲ ಎಂದುಕೊಂಡಳು. ಅವನೇ ಬಂದಿದ್ದರೆ ಬಾಗಿಲನ್ನು ಪೂರ್ತಿ ತೆರೆದು ಎದುರಿಗೆ ನಿಲ್ಲುತ್ತಿದ್ದೆ. ಅವನ ಸ್ನೇಹಿತ, ಆ ಹಲ್ಲಿನ ಡಾಕ್ಟರು, ಬಂದಾಗ ನಿಂತಿರಲಿಲ್ಲವೇ? ‘ಇದೆ. ಕೊಡಲ್ಲ’ ಎಂದು ಎರಡೇ ಮಾತಿನಲ್ಲಿ ಕಳಿಸಿರಲಿಲ್ಲವೇ? ಅದಕ್ಕೇ ಅವನು ಈ ಸಲ ಅಮ್ಮನನ್ನು ಕಳಿಸಿದ್ದಾನೆ. ಈ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಅವನಿಗೆ ಬೇಕಾದದ್ದು ಅವಳ ತಲೆಯ ಮೇಲೇ ನಿಂತಿತ್ತು. ಮೂರು ಉಕ್ಕಿನ ಕೊಳವೆಗಳನ್ನು ಕಮಾನಿನ ಹಾಗೆ ಬಗ್ಗಿಸಿ, ಎರಡು ತುದಿಯಲ್ಲೂ ಕೀಲು ಹಾಕಿ ಜೋಡಿಸಿದ ಫ್ರೇಮು. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಮಡಚಿದರೆ ಒಂದಕ್ಕೊಂದು ಅಂಟಿಕೊಂಡು ತೆಳ್ಳಗಾಗುತ್ತದೆ. ಎಂದೋ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ತಲೆಯ ಮೇಲೆ ಏನೂ ಇಲ್ಲದ ಸ್ಪೋರ್ಟ್ಸ್ ಕಾರಿನದು. ಮಳೆ ಬಂದರೆ ಮಾತ್ರ ಇದನ್ನು ಚೀಲದಿಂದ ತೆಗೆದು, ಸೀಟಿನ ಹಿಂದಿನ ಎರಡು ತೂತುಗಳಲ್ಲಿ ನಿಲ್ಲಿಸಿ, ಮೇಲೆ ಕ್ಯಾನ್ವಾಸಿನ ಹುಡ್ ಎಳೆದು, ಮುಂದಿನ ಗಾಜಿನ ಅಂಚಿಗೆ ಸಿಕ್ಕಿಸಿ, ಸುತ್ತಲೂ ಗುಂಡಿ ಒತ್ತಬೇಕು. ಹುಡ್ಡಿನ ಬಟ್ಟೆ ಈಗಲೂ ಅವನ ಹತ್ತಿರವೇ ಇದೆ. ಬಟ್ಟೆ ಅಲ್ಲಿ, ಎಲುಬು ಇಲ್ಲಿ. ಅವನು ಯಾರೋ ವೆಲ್ಡಿಂಗಿನವನಿಂದ ಬೇರೆ ಕಮಾನು ಮಾಡಿಸಿದನಂತೆ. ಬಾಗು ಕೂಡಿಬರಲಿಲ್ಲ, ಬಟ್ಟೆ ಒಂದು ಕಡೆ ಜೋತು, ಇನ್ನೊಂದು ಕಡೆ ಬಿಗಿದು, ಮಳೆಯ ನೀರು ನಡುವೆ ಹೊಂಡದ ಹಾಗೆ ನಿಂತು, ಕೊನೆಗೆ ಹೊಲಿಗೆ ಬಿಟ್ಟು ಅವನ ತೊಡೆಯ ಮೇಲೆ ಸುರಿಯಿತಂತೆ. ಅಣ್ಣ ಫೋನಿನಲ್ಲಿ ಈ ಸುದ್ದಿ ಹೇಳಿದ ದಿನ ಅವಳು ಗುನುಗಿಕೊಂಡು ಕೆಲಸಕ್ಕೆ ಹೋಗಿದ್ದಳು. ಇಲ್ಲಿ ಅವಳು ಎರಡು ಹೂಕುಂಡಗಳಿಗೆ ಮರಳು ತುಂಬಿ, ಫ್ರೇಮಿನ ಕಾಲುಗಳನ್ನು ಅದರಲ್ಲಿ ಹೂತು ನಿಲ್ಲಿಸಿದ್ದಳು. ಬಟ್ಟೆ ಒಣಗಿಸಲು ಇದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ದೊಡ್ಡ ಹೊದಿಕೆ ಹಾಕಿದರೂ ನೆಲಕ್ಕೆ ತಾಕುವುದಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಎದ್ದು ಹೋಗಿ ತೆರೆದಳು. ಮೆಟ್ಟಿಲು ಹತ್ತಿ ಬಂದ ಅತ್ತೆ ಗೋಡೆಗೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದರು.

“ಲಿಫ್ಟು ಕೆಟ್ಟಿದೆಯಲ್ಲೇ.”

“ಅದು ಸರಿಯಿದ್ದದ್ದು ಯಾವಾಗ? ಬನ್ನಿ ಅತ್ತೆ, ಕೂತ್ಕೊಳ್ಳಿ.”

ಅತ್ತೆ ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೋರ್ಟಿನ ಕಾಗದದ ಪ್ರಕಾರ ಇವರು ಈಗ ಅವಳಿಗೆ ಏನೂ ಆಗಬೇಕಾಗಿಲ್ಲ. ಆದರೆ ಮತ್ತೆ ಏನೆಂದು ಕರೆಯುವುದು? ಹೆಸರು ಹಿಡಿದು ಕರೆಯಲಾಗುತ್ತದೆಯೇ? ಅವರ ಎದೆಯ ಎಲುಬುಗಳನ್ನೆಲ್ಲ ಅವಳು ನೋಡಿದ್ದಾಳೆ. ಆಗಿನ್ನೂ ಮದುವೆಯ ಹೊಸತು. ಅತ್ತೆಗೆ ಕೆಮ್ಮು ಹಿಡಿದು ಬಿಡದೆ, ಅವಳೇ ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸಿ, ಗಾಜಿನ ಹಿಂದಿನಿಂದ ‘ಉಸಿರು ಬಿಗಿ ಹಿಡೀರಿ’ ಎಂದಿದ್ದಳು. ಚಿತ್ರ ತೆಗೆದದ್ದಾಯಿತು, ಅಷ್ಟರಲ್ಲಿ ಯಾರೋ ಕರೆದರೆಂದು ಹೊರಗೆ ಹೋದಳು. ತಿರುಗಿ ಬಂದಾಗ ಅತ್ತೆ ಕೆಂಪಗಾಗಿ, ಕಣ್ಣು ಹೊರಗೆ ಬರುವಂತಾಗಿ, ಇನ್ನೂ ಹಲಗೆಯನ್ನು ತಬ್ಬಿಕೊಂಡೇ ನಿಂತಿದ್ದರು. ‘ಅಯ್ಯೋ, ಉಸಿರು ಬಿಡಿ!’ ಎಂದು ಕೂಗಿಕೊಂಡಾಗ ಬುಸ್ಸೆಂದು ಬಿಟ್ಟು, ‘ನೀನು ಹೇಳಲಿಲ್ವಲ್ಲ’ ಎಂದರು. ಆಮೇಲೆ ಇಬ್ಬರೂ ಆ ಕತ್ತಲೆ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗುವಿನ ಋಣವೊಂದು ಉಳಿದುಹೋಗಿದೆ. ಮನೆ ಬಿಟ್ಟು ಬರುವಾಗ ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಎಬ್ಬಿಸಿ ಹೇಳದೆ ಬಂದಿದ್ದಳು. ಮಲಗಿರಲಿಲ್ಲ, ಮಲಗಿದ ಹಾಗೆ ಇದ್ದರು ಎಂಬುದೂ ಅವಳಿಗೆ ಗೊತ್ತಿತ್ತು.

ಅತ್ತೆ ನೀರು ಕುಡಿದು ಲೋಟವನ್ನು ನೆಲದ ಮೇಲಿಟ್ಟರು. ಕೋಣೆಯನ್ನು ನೋಡಿದರು: ಒಂದು ಮಂಚ, ಒಂದು ಒಲೆ, ಕಿಟಕಿಯ ಪಕ್ಕ ಒಂದೇ ಕುರ್ಚಿ. ಆಮೇಲೆ ಬಾಲ್ಕನಿಯನ್ನು ನೋಡಿದರು. ಕಮಾನಿನ ಮೇಲೆ ಹೊದಿಕೆ, ಟವೆಲು, ಅವಳ ಒಳಬಟ್ಟೆ. ಅತ್ತೆಯ ತುಟಿಯ ತುದಿ ಕೊಂಚ ಅಲುಗಿತು. ನಗುವೋ, ಬೇಸರವೋ ತಿಳಿಯಲಿಲ್ಲ.

“ಬಸ್ಸಲ್ಲಿ ಬಂದ್ರಾ?”

“ಹೂಂ. ಎರಡು ಬಸ್ಸು.”

“ಮನೇಲಿ ಯಾರೂ ಇರ್ಲಿಲ್ವಾ ಬಿಡೋಕೆ?”

“ಎಲ್ಲಾ ಇದಾರೆ. ಇವತ್ತು ಅವನ ಸ್ನೇಹಿತರೆಲ್ಲ ಬಂದಿದಾರೆ, ಕಾರು ತಗೊಂಡು. ಮುಂದಿನ ವಾರ ಹಳೇ ಕಾರುಗಳದ್ದು ಪ್ರದರ್ಶನವಂತೆ. ಮೇಲಿನ ಹೊದಿಕೆ ಸರಿಯಾಗಿ ಇಲ್ದಿದ್ರೆ ಒಳಗೇ ಬಿಡಲ್ವಂತೆ. ಬೆಳಿಗ್ಗೆ ಎದ್ದು ಅಡುಗೆ ಮುಗಿಸಿಟ್ಟು ಬಂದೆ.”

ಮನೆಯ ಮುಂದೆ ಸಾಲಾಗಿ ಕಾರು ನಿಂತಿವೆ, ಅತ್ತೆ ಬಸ್ಸಿನಲ್ಲಿ ಬಂದಿದ್ದಾರೆ. ಆ ಕಾರಿನಲ್ಲಿ ಅವರು ಒಮ್ಮೆಯೂ ಕೂತವರಲ್ಲ. ಎರಡೇ ಸೀಟು ಎಂದು ಮೊದಮೊದಲು ಅವನು ನಕ್ಕು ಹೇಳುತ್ತಿದ್ದ, ಆಮೇಲೆ ಹೇಳುವ ಅಗತ್ಯವೂ ಬೀಳಲಿಲ್ಲ. ಎರಡನೆಯ ಸೀಟಿನಲ್ಲಿ ಕೂರುತ್ತಿದ್ದವಳಿಗೂ ಅದು ಸೀಟು ಎಂದು ಅನ್ನಿಸಿದ್ದಿಲ್ಲ. ಬಾಗಿಲು ಮೆಲ್ಲಗೆ ಹಾಕು, ಚಪ್ಪಲಿ ಜಾಡಿಸಿ ಒಳಗೆ ಇಡು, ಆ ಹಿಡಿ ಮುಟ್ಟಬೇಡ. ಕಾರಿಗೆ ನೋವಾಗುತ್ತದೆ ಎಂಬಂತೆ ಮಾತಾಡುತ್ತಿದ್ದ.

“ನೋಡು ಮಗಳೇ,” ಎಂದರು ಅತ್ತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಎಂದು ಧ್ವನಿಯಲ್ಲೇ ಗೊತ್ತಾಯಿತು. “ಅವನು ಏನೂ ಅಂದ್ಕೊಂಡಿಲ್ಲ. ಸಾಮಾನು ತುಂಬೋ ಗಡಿಬಿಡೀಲಿ ತಪ್ಪಿ ಬಂತು ಅಂತ ಒಂದು ಮಾತು ಹೇಳ್ಬಿಡು, ಮುಗೀತು. ಅವನೂ ಎಲ್ಲರ ಹತ್ರ ಹಾಗೇ ಹೇಳಿದಾನೆ.”

“ಹಾಗೇ ಅಂದ್ರೆ? ಏನಂತ?”

“ಪಾಪ, ಅವಳಿಗೆ ಅದು ಏನು ಅಂತಲೇ ಗೊತ್ತಿರ್ಲಿಲ್ಲ, ಮಂಚದ ಕಂಬಿ ಅಂದ್ಕೊಂಡು ತಗೊಂಡು ಹೋಗಿರ್ಬೇಕು ಅಂತ. ಈಗ ಕೇಳಿದ್ರೆ ಹಟಕ್ಕೆ ಕೊಡ್ತಿಲ್ಲ ಅಂತ.”

ಅಣ್ಣನೂ ಇದನ್ನೇ ಹೇಳಿದ್ದ. ‘ತಪ್ಪಿ ಬಂತು ಅಂದ್ಬಿಡಮ್ಮ, ನಿನ್ನ ಗಂಟೇನು ಹೋಗುತ್ತೆ?’ ಎಲ್ಲರೂ ಸೇರಿ ಅವಳಿಗೊಂದು ಬಾಗಿಲು ತೆರೆದಿಟ್ಟಿದ್ದಾರೆ, ತಲೆ ಬಗ್ಗಿಸಿ ಆಚೆ ದಾಟಿದರೆ ಸಾಕು ಎಂದು ಕಾಯುತ್ತಿದ್ದಾರೆ. ಆದರೆ ಪಾಪ ಎಂಬ ಆ ಒಂದು ಮಾತು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗಾಯಿತು. ಕಳ್ಳಿ ಎಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ದಿನ ಅಣ್ಣ ಗೇಟಿನ ಹೊರಗೆ ವ್ಯಾನು ನಿಲ್ಲಿಸಿಕೊಂಡಿದ್ದ. ಅವಳು ಗ್ಯಾರೇಜಿಗೆ ಹೋಗಿ, ‘ಹೊರಟೆ’ ಎಂದಳು. ಅವನು ಕಾರಿನ ಮೂತಿಯೊಳಗೆ ಬಗ್ಗಿದ್ದವನು ತಲೆ ಎತ್ತಲಿಲ್ಲ. ‘ಗೇಟು ಹಾಕ್ಕೊಂಡು ಹೋಗು’ ಎಂದ. ಅಷ್ಟೇ. ಅಷ್ಟು ವರ್ಷದ ಸಂಸಾರಕ್ಕೆ ಕೊನೆಯ ಮಾತು ಅದು. ಆಮೇಲೆ ಕೈಗೆ ಅಂಟಿದ ಎಣ್ಣೆ ತೊಳೆಯಲು ಒಳಗೆ ಹೋದ. ಗೋಡೆಯ ಗೂಟದಲ್ಲಿ ಉದ್ದನೆಯ ಚೀಲ ನೇತಾಡುತ್ತಿತ್ತು. ಅವಳ ಕೈ ಅದನ್ನು ಇಳಿಸಿತು. ಅಣ್ಣ ‘ಇದೇನೇ?’ ಎಂದು ಕೇಳಿದಾಗ ‘ನಂದೇ’ ಎಂದಳು. ಮತ್ತೆ ಹಿಂದೆ ಬಂದು ಗೇಟನ್ನು ಮೆಲ್ಲಗೆ ಎಳೆದು ಚಿಲಕ ಹಾಕಿದಳು. ಆ ಚಿಲಕ ಹಾಕಿದ್ದನ್ನು ನೆನೆದರೆ ಇವತ್ತಿಗೂ ಅವಳಿಗೆ ಮೈಯೆಲ್ಲ ಮುದುಡುತ್ತದೆ. ಕದ್ದದ್ದಕ್ಕೆ ಒಂದು ದಿನವೂ ನಿದ್ದೆ ಕೆಟ್ಟದ್ದಿಲ್ಲ. ಹೇಳಿದ ಹಾಗೆ ಕೇಳಿ ಗೇಟು ಹಾಕಿದ್ದಕ್ಕೆ ಕೆಟ್ಟಿದೆ.

“ಮಂಚದ ಕಂಬಿ,” ಎಂದಳು ಗಟ್ಟಿಯಾಗಿ.

“ಅವನು ಹೇಳಿದ್ದು ಕಣೇ, ನಾನಲ್ಲ.”

“ನಿಮಗೆ ಏನನ್ನಿಸುತ್ತೆ ಅತ್ತೆ? ನನಗೆ ಗೊತ್ತಿರ್ಲಿಲ್ವಾ?”

ಅತ್ತೆ ಮಂಡಿಯನ್ನು ನೀವಿಕೊಂಡರು. “ನನ್ನನ್ನ ಯಾಕೆ ಕೇಳ್ತೀಯ,” ಎಂದರು. “ನನ್ನನ್ನ ಯಾರೂ ಏನೂ ಕೇಳೋದಿಲ್ಲ.”

ಅವಳು ಎದ್ದು ಬಾಲ್ಕನಿಗೆ ಹೋದಳು. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಬಕೆಟ್ಟಿಗೆ ಹಾಕಿದಳು. ಕಾಲುಗಳನ್ನು ಮರಳಿನಿಂದ ಕಿತ್ತು, ಕೊಡವಿ, ಕಮಾನುಗಳನ್ನು ಮಡಚಿದಳು. ಬೆರಳನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂಬುದು ಕೈಗೇ ಗೊತ್ತಿತ್ತು. ಟಕ್ಕೆಂದು ಕೂತುಕೊಂಡಿತು. ಹಳೆಯ ಪರದೆಯೊಂದನ್ನು ಸುತ್ತಿ ಹಗ್ಗ ಬಿಗಿದು, “ನಡೀರಿ ಅತ್ತೆ. ನಾನೇ ತಂದು ಕೊಡ್ತೀನಿ,” ಎಂದಳು. ಅತ್ತೆಯ ಮುಖ ಅರಳಿತು. ಅದನ್ನು ನೋಡಿ ಇವಳಿಗೆ ಪಿಚ್ಚೆನಿಸಿತು. ತಾನು ಯಾವುದಕ್ಕೆ ಒಪ್ಪಿದೆನೆಂದು ಇವರು ತಿಳಿದುಕೊಂಡಿದ್ದಾರೋ ಅದು ಬೇರೆ, ತಾನು ಹೊರಟಿರುವುದು ಬೇರೆ. ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಅತ್ತೆ ಬೇಡವೆನ್ನುತ್ತಾರೆ, ಅತ್ತೆ ಬೇಡವೆಂದರೆ ತನ್ನ ಕಾಲು ನಿಲ್ಲುತ್ತದೆ. ಹೇಳಲಿಲ್ಲ.

ಬಸ್ಸಿನಲ್ಲಿ ಆ ಗಂಟು ಯಾರ ಮಾತನ್ನೂ ಕೇಳಲಿಲ್ಲ. ನಿಲ್ಲಿಸಿದರೆ ಚಾವಣಿಗೆ ತಾಕುತ್ತದೆ, ಮಲಗಿಸಿದರೆ ಓಡಾಡುವವರ ಕಾಲಿಗೆ ಸಿಗುತ್ತದೆ. ಕೊನೆಗೆ ಇಬ್ಬರ ಮಡಿಲ ಮೇಲೂ ಅಡ್ಡಲಾಗಿ ಇಟ್ಟುಕೊಂಡರು. ಎದುರು ಸೀಟಿನ ಹೆಂಗಸು ಪರದೆಯ ಸಂದಿಯಿಂದ ಇಣುಕಿದ ಬಾಗಿದ ಕೊಳವೆಯನ್ನು ನೋಡಿ, “ತೊಟ್ಟಿಲಾ?” ಎಂದು ಕೇಳಿದಳು. ಅತ್ತೆ, ಮಾತು ಬೆಳೆಸುವುದೇಕೆಂದು, “ಹೂಂ” ಎಂದುಬಿಟ್ಟರು. ಅಂದ ಮೇಲೆ ಅವರಿಗೇ ಅರ್ಥವಾಯಿತು. ಕಿಟಕಿಯ ಕಡೆ ತಿರುಗಿಕೊಂಡರು. ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ಸಂದರ್ಭ ಬರಲೇ ಇಲ್ಲ. “ತೊಟ್ಟಿಲಲ್ಲ, ಕಾರಿಂದು,” ಎಂದಳು ಇವಳು. ಎದುರಿನವಳು ಹೌದೇ ಎಂದು ತಲೆಯಾಡಿಸಿ, ನಂಬದೆ, ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

ಇವಳು ಮನಸ್ಸಿನಲ್ಲಿ ಒಂದು ಮಾತನ್ನು ಹುಡುಕುತ್ತಿದ್ದಳು. ತಗೊಂಡೆ. ಎತ್ಕೊಂಡೆ. ಒಯ್ದೆ. ಇವೆಲ್ಲ ತೊಳೆದು ಮಡಚಿಟ್ಟ ಮಾತುಗಳು. ಪೆಟ್ರೋಲ್ ಬಂಕಿನ ಚಾವಣಿಯ ಕೆಳಗೆ ನಿಂತ ಆ ಗಂಡಸರ ಸಾಲು ಕಣ್ಣಿಗೆ ಬಂತು. ಹಳೇ ಕಾರುಗಳ ಕ್ಲಬ್ಬಿನವರೆಲ್ಲ ಸೇರಿ ಊರಾಚೆ ಹೋದ ದಿನ, ಮಳೆ ಏಕಾಏಕಿ ಹುಯ್ದು, ಉಳಿದವರೆಲ್ಲ ತಮ್ಮ ತಮ್ಮ ಹುಡ್ ಎಳೆದು ಬಂಕಿನ ಚಾವಣಿಯ ಕೆಳಗೆ ಸೇರಿದ್ದರು. ಇವನ ಕಾರಿಗೆ ಜಾಗ ಸಾಲದೆ ಬಯಲಲ್ಲೇ ಉಳಿಯಿತು. ಇವನು ಇಳಿದು ಚಾವಣಿಯ ಕೆಳಗೆ ಓಡಿ, ಅಲ್ಲಿಂದ, ‘ನೀನೇ ಹಾಕು ನೋಡೋಣ! ಎಷ್ಟು ಸಲ ತೋರಿಸಿದೀನಿ’ ಎಂದು ಕೂಗಿದ. ಹಳೆಯ ಕೈಗಡಿಯಾರಗಳ ಹುಚ್ಚಿನ ಒಬ್ಬ ಸ್ನೇಹಿತನಿದ್ದ, ವಾಚಿನವನು ಎಂದೇ ಅವಳು ಕರೆಯುತ್ತಿದ್ದಳು. ಅವನು ಮಣಿಕಟ್ಟು ಎತ್ತಿ ಹಿಡಿದು ಸಮಯ ಕೂಗತೊಡಗಿದ. ಅವಳು ಫ್ರೇಮಿನ ಎಡಗಾಲನ್ನು ಬಲತೂತಿಗೆ ಇಟ್ಟಳು. ಕೊಳವೆಗಳು ಕತ್ತರಿಯ ಹಾಗೆ ಕೂಡಿಕೊಂಡು ಬೆರಳು ಸಿಕ್ಕಿತು. ಉಗುರಿನ ಅಡಿ ಕಪ್ಪಗಾಯಿತು. ನೀರು ಮುಖದ ಮೇಲೆ ಹರಿಯುತ್ತಿದ್ದುದರಿಂದ ಕಣ್ಣೀರು ಯಾರಿಗೂ ಕಾಣುವಂತಿರಲಿಲ್ಲ, ಅದೊಂದೇ ಪುಣ್ಯ. ‘ಬೇಗ, ಸೀಟು ನೆನೀತಿದೆ!’ ಎಂದು ಅವನು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅದನ್ನಾದರೂ ಮರೆಯಬಹುದಿತ್ತು. ಮರೆಯಲಾಗದ್ದೆಂದರೆ, ಅವಳೂ ನಕ್ಕಿದ್ದಳು. ತಲೆ ಎತ್ತಿ, ಅವರ ಕಡೆ ನೋಡಿ, ತಾನೆಂಥ ಪೆದ್ದಿ ನೋಡಿ ಎಂಬ ಹಾಗೆ, ಹಲ್ಲು ಬಿಟ್ಟು ನಕ್ಕಿದ್ದಳು. ಮನೆಗೆ ಬಂದು ಅವನು ಅವಳ ಕೂದಲು ಒಣಗಿಸುವ ಯಂತ್ರ ತಂದು ಕಾರಿನ ಸೀಟು ಒಣಗಿಸಿದ. ಅವಳು ಜ್ವರದಲ್ಲಿ ಒದ್ದೆ ಕೂದಲಿನಲ್ಲೇ ಮಲಗಿದಳು.

ಕದ್ದೆ, ಎಂದುಕೊಂಡಳು. ಇದು ಸರಿಯಾದ ಮಾತು. ಬಾಯಲ್ಲಿ ಸ್ವಲ್ಪ ಉಪ್ಪುಪ್ಪಾಗಿ, ಚೆನ್ನಾಗಿತ್ತು.

ಮನೆಯಂಗಳದಲ್ಲಿ ಕಾರುಗಳು ತೊಳೆದು ಹೊಳೆಯುತ್ತಿದ್ದವು. ಅವನು ಎದುರು ಬಂದು, ಅವಳ ಮುಖ ನೋಡುವ ಮೊದಲು ಅವಳ ಕೈಯ ಗಂಟನ್ನು ನೋಡಿದ. ಕೂದಲು ಸ್ವಲ್ಪ ಬಿಳಿಯಾಗಿತ್ತು; ಅದು ಅವನಿಗೆ ಒಪ್ಪುತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು. ಪಾರ್ಸಲ್ ತಂದವರಿಂದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು, ಪರದೆ ಬಿಚ್ಚಿ, ಕಮಾನುಗಳನ್ನು ಬೆಳಕಿಗೆ ಹಿಡಿದು, ಬೆರಳಿಂದ ಉದ್ದಕ್ಕೂ ಸವರಿದ. ಹಲ್ಲಿನ ಡಾಕ್ಟರು, ವಾಚಿನವನು, ಇನ್ನಿಬ್ಬರು ಸುತ್ತ ನಿಂತರು. ನಡುವಿನ ಕಮಾನಿನ ಮೇಲೆ ಬಣ್ಣ ಎದ್ದು ತುಕ್ಕು ಹಿಡಿದಿತ್ತು. ಬಟ್ಟೆ ಕ್ಲಿಪ್ಪಿನ ಕಚ್ಚು ಸಾಲಾಗಿ ಕಾಣುತ್ತಿತ್ತು.

“ಇದರ ಮೇಲೆ ಬಟ್ಟೆ ಒಣಹಾಕಿದೀಯಾ?”

“ಹೂಂ. ದಿನಾ.”

ನಗು ಎದ್ದಿತು. ಅವನೂ ನಕ್ಕ. ಇವತ್ತು ಅವನು ದೊಡ್ಡ ಮನಸ್ಸಿನವನಾಗಿದ್ದ, ಜನ ಇದ್ದರು. ಇಬ್ಬರು ಸೇರಿ ಫ್ರೇಮನ್ನು ತೂತುಗಳಿಗೆ ಇಳಿಸಿದರು. ಕ್ಯಾನ್ವಾಸು ಎಳೆದರು. ಹಿಂದಿನ ಕಮಾನಿನ ಮೇಲೆ ಒಂದು ಮಡಿಕೆ ಕಾಣಿಸಿಕೊಂಡು, ಅವನು ಅಂಗೈಯಿಂದ ಸವರಿದ ಕೂಡಲೇ ಮಾಯವಾಗಿ, ಬಟ್ಟೆ ಮುಂದಿನ ಗಾಜಿನವರೆಗೆ ತಾನಾಗಿ ನಡೆದುಹೋದ ಹಾಗೆ ಹೋಗಿ ಕೂತಿತು. ಗುಂಡಿಗಳು ಒಂದಾದ ಮೇಲೊಂದು ಟಪ್ ಟಪ್ ಎಂದವು. ಎಷ್ಟು ಚೆನ್ನಾಗಿ ಕೂತಿತೆಂದರೆ ಅವಳ ಬಾಯಿಂದಲೇ ಒಂದು ಸಣ್ಣ ‘ಆಹಾ’ ಹೊರಟು, ಅದನ್ನು ಕೆಮ್ಮಿ ಮುಚ್ಚಿಕೊಂಡಳು. ಎಲುಬು ಎಲ್ಲಿ ಸೇರಬೇಕೋ ಅಲ್ಲಿ ಸೇರಿದ್ದನ್ನು ನೋಡಿದರೆ ಖುಷಿಪಡುವುದು ಅವಳ ಕಸುಬಿನ ಚಾಳಿ. ಈಗ ಹೊರಟುಬಿಡಬಹುದು ಎಂದು ಒಂದು ಮನಸ್ಸು ಹೇಳಿತು. ಕೊಟ್ಟಾಯಿತು, ಅತ್ತೆಯ ಮಾತೂ ಉಳಿಯಿತು, ಯಾರಿಗೂ ನೋವಿಲ್ಲ. ಗೇಟಿನ ಕಡೆ ಒಂದು ಹೆಜ್ಜೆ ಇಟ್ಟೂ ಇಟ್ಟಳು.

“ನೋಡಿ, ಅಂತೂ ಬಂತಲ್ಲ,” ಎಂದು ಅವನು ಸ್ನೇಹಿತರಿಗೆ ಹೇಳುತ್ತಿದ್ದ. “ಬೈಬೇಡಿ ಪಾಪ. ಅವಳಿಗೆ ಅದೇನು ಅಂತಾನೇ ಗೊತ್ತಿರ್ಲಿಲ್ಲ. ತಪ್ಪಿ ಹೋಗಿತ್ತು, ಅಷ್ಟೇ.”

“ತಪ್ಪಿ ಹೋಗಿರ್ಲಿಲ್ಲ,” ಎಂದಳು.

“ಹಾಂ?”

“ಗೊತ್ತಿದ್ದೇ ತಗೊಂಡೆ. ಕದ್ದೆ.”

ವಾಚಿನವನು ಕೈ ಬೀಸಿದ. “ಬಿಡಿ ಮೇಡಂ, ಅಂಥ ದೊಡ್ಡ ಮಾತೆಲ್ಲ ಯಾಕೆ. ಆಗುತ್ತೆ, ಮನೆ ಬದಲಿಸೋವಾಗ ಏನೇನೋ ಸೇರಿ ಹೋಗುತ್ತೆ.”

“ಅವಳು ತಮಾಷೆ ಮಾಡ್ತಿದಾಳೆ,” ಎಂದ ಅವನು. ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ.

“ತಮಾಷೆ ಅಲ್ಲ. ನೀವು ಕೈ ತೊಳೆಯೋಕೆ ಒಳಗೆ ಹೋಗಿದ್ರಿ. ಗೂಟದಿಂದ ಚೀಲ ಇಳಿಸಿದೆ. ದಾರ ಬಿಚ್ಚಿ ಮೂರೂ ಕಮಾನು ಇದೆಯಾ ಅಂತ ನೋಡ್ಕೊಂಡೆ. ಹುಡ್ಡಿನ ಬಟ್ಟೆ ಪಕ್ಕದಲ್ಲೇ ಇತ್ತು. ಅದನ್ನ ಬೇಕಂತಲೇ ಬಿಟ್ಟೆ. ಎರಡೂ ಹೋಗಿದ್ರೆ ನೀವು ಹೊಸದು ತರಿಸ್ತಿದ್ರಿ, ಮರೆತುಬಿಡ್ತಿದ್ರಿ. ಒಂದೇ ಹೋದ್ರೆ ಆ ಬಟ್ಟೆ ನೋಡಿದಾಗೆಲ್ಲ ನೆನಪಾಗುತ್ತೆ ಅಂತ ಗೊತ್ತಿತ್ತು.”

ಧ್ವನಿ ನಡುಗಲಿಲ್ಲ. ನಡುಗಬಹುದೆಂದು ಹೆದರಿದ್ದಳು; ಆದರೆ ಎಕ್ಸ್-ರೇ ಕೋಣೆಯ ಧ್ವನಿಯೇ ಬಂತು, ಎಲ್ಲರೂ ನಿಂತಲ್ಲೇ ನಿಂತ ಹಾಗಾಯಿತು. ಹಲ್ಲಿನ ಡಾಕ್ಟರು ಕಾರಿನ ಚಕ್ರವನ್ನು ಪರೀಕ್ಷಿಸತೊಡಗಿದರು. ಬಾಗಿಲ ಹತ್ತಿರ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ಅವರ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಅವರ ಮಾತು ಕೆಡಿಸಿದ್ದೇನೆ, ಅವರನ್ನು ಎರಡು ಬಸ್ಸು ಹತ್ತಿಸಿ ಕರೆತಂದು ಅವರ ಮಗನನ್ನು ಅವರೆದುರೇ ಅವಮಾನಕ್ಕೆ ಗುರಿಮಾಡಿದ್ದೇನೆ. ಆದರೂ ಹಿಂದೆ ಸರಿಯಬೇಕೆನ್ನಿಸಲಿಲ್ಲ.

ಅವನ ಮುಖದ ನಗು ಆರಿತು. ಆರಿದ ಮೇಲೆ ಅಲ್ಲಿ ಒಬ್ಬ ಬೇರೆ ಮನುಷ್ಯ ಕಂಡ. ಸುಸ್ತಾದವನು, ಏನೂ ಅರ್ಥವಾಗದವನು. “ಯಾಕೆ?” ಎಂದ.

ಅವನು ಅವಳನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಅವಳು ನೆನಪಿಸಿಕೊಳ್ಳಬಲ್ಲಳು: ಕೀಲಿ ಎಲ್ಲಿ, ಊಟ ಆಯಿತೇ, ಯಾರ ಫೋನು. ಯಾಕೆ ಎಂದು ಕೇಳಿದ್ದು ಇದೇ ಮೊದಲು. ಉತ್ತರ ಬಹಳ ಉದ್ದ ಇದೆ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಹೇಳಲು ಕೂತರೆ ಸಂಜೆಯಾಗುತ್ತದೆ ಎಂದು. ಬಾಯಿ ತೆರೆದಾಗ ಉದ್ದವೇನೂ ಇರಲಿಲ್ಲ.

“ನೀನು ನೆನೀಲಿ ಅಂತ.”

ನೀವು ಎಂಬುದು ನೀನು ಆಗಿಹೋದದ್ದು ಅವಳ ಕಿವಿಗೆ ಬಿದ್ದದ್ದು ಆಮೇಲೆ. ಬಾಗಿಲಲ್ಲಿ ಅತ್ತೆಯ ಬೆರಳು ಸೆರಗಿನಲ್ಲಿ ನಿಂತುಹೋಯಿತು. ಆಗ ವಾಚಿನವನ ಗಂಟಲಲ್ಲಿ ಏನೋ ಸದ್ದಾಯಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಹುಡ್ಡಿನ ಮೇಲೆ ಕೈಯೂರಿ, ಭುಜ ಕುಲುಕಿಸುತ್ತಾ ನಗತೊಡಗಿದ. “ನೆನೆದೆಯಲ್ಲೋ!” ಎಂದ ಅವನಿಗೆ, ಉಸಿರು ಸಾಲದೆ. “ತೊಡೆ ಮೇಲೆ ಬಕೆಟ್ಟುಗಟ್ಟಲೆ...” ಇನ್ನಿಬ್ಬರೂ ನಕ್ಕರು. ಈ ನಗು ತನ್ನ ಮೇಲಿನದಲ್ಲ ಎಂದು ತಿಳಿದಾಗಲೂ ಅವಳಿಗೆ ಅದು ಹಿತವಾಗಲಿಲ್ಲ. ಅದೇ ನಗು, ಅದೇ ಬಾಯಿಗಳು, ಬರೀ ದಿಕ್ಕು ಬದಲಿಸಿವೆ. ಈ ಸಲ ಅವಳು ನಗಲಿಲ್ಲ. ಅವನ ಕಿವಿ ಕೆಂಪಾಗಿ, ಅವನು ಹಲ್ಲು ಬಿಡಲು ಪ್ರಯತ್ನಿಸುತ್ತಿದ್ದುದನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು. ಗೆದ್ದೆ ಎನ್ನಿಸಲಿಲ್ಲ. ಹೊಟ್ಟೆ ಹಸಿದಿತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅಷ್ಟೇ ಅನ್ನಿಸಿದ್ದು.

“ಆಯ್ತಲ್ಲ. ಹೊರಡು ಇನ್ನು,” ಎಂದ ಅವನು ಮೆಲ್ಲಗೆ.

“ಊಟ ಮಾಡ್ಕೊಂಡು ಹೋಗ್ಲಿ,” ಎಂದರು ಅತ್ತೆ.

“ಅಮ್ಮಾ.”

“ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾಳೆ.” ಅತ್ತೆ ಅವನ ಮುಖ ನೋಡದೆ ಒಳಗೆ ನಡೆದರು.

ಕಳ್ಳಿಯೆಂದು ತಾನೇ ಹೇಳಿಕೊಂಡ ಮನೆಯಲ್ಲಿ ಊಟಕ್ಕೆ ಕೂರುವುದು ಹೇಗೆ ಎಂದು ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಓಡಿಹೋಗಬೇಕಾದ ಜಾಗ ಇದು. ಅದಕ್ಕೇ ಓಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ತೊಳೆದಳು. ಅತ್ತೆ ಬೆಳಿಗ್ಗೆಯ ಅಡುಗೆಯನ್ನು ಬಿಸಿಮಾಡಿ ತಂದರು. ಮೇಜಿನ ಮೇಲೆ ಗಂಡಸರಿಗೆಂದು ತಟ್ಟೆಗಳನ್ನು ಜೋಡಿಸಿಟ್ಟಿತ್ತು, ನಡುವೆ ಅನ್ನದ ಪಾತ್ರೆ, ತರಕಾರಿ, ಮುಚ್ಚಳದ ಮೇಲೆ ಹಬೆ. ಈ ಮನೆಯಲ್ಲಿದ್ದಷ್ಟು ಕಾಲವೂ ಅವಳು ಈ ಮೇಜಿನ ಸುತ್ತ ನಡೆದದ್ದೇ ಹೆಚ್ಚು, ಕೂತದ್ದು ಕಡಿಮೆ. ಬಡಿಸುವವರಿಗೆ ಅಡುಗೆಮನೆಯಲ್ಲೇ, ನಿಂತುಕೊಂಡು, ಉಳಿದದ್ದು. ಬಾಗಿಲಿಗೆ ಎದುರಾಗಿರುವ ಕುರ್ಚಿ ಅವನದು. ಅದನ್ನು ಎಳೆದು ಕೂತಳು. ಅತ್ತೆ ಒಂದು ಕ್ಷಣ ಆ ಕುರ್ಚಿಯನ್ನೂ ಅವಳನ್ನೂ ನೋಡಿ, ಏನೂ ಹೇಳದೆ ಬಡಿಸಿದರು. ಬಡಿಸಿ, ಸೌಟು ಹಿಡಿದು ಪಕ್ಕದಲ್ಲಿ ನಿಂತರು.

“ನೀವೂ ಕೂತ್ಕೊಳ್ಳಿ.”

“ಅವರದ್ದಾಗ್ಲಿ.”

“ನೀವೂ ಬೆಳಿಗ್ಗೆ ಏನೂ ತಿಂದಿಲ್ಲ ತಾನೇ?”

“ತಿಂದಿಲ್ಲ.”

“ಕೂತ್ಕೊಳ್ಳಿ ಅತ್ತೆ.”

ಅತ್ತೆ ಅಂಗಳದ ಕಡೆ ನೋಡಿದರು. ಹೊರಗೆ ಇನ್ನೂ ನಗು ಕೇಳುತ್ತಿತ್ತು, ನಡುವೆ ಅವನ ದನಿ ಏನೋ ವಿವರಿಸುತ್ತಿತ್ತು. ಸೌಟನ್ನು ಪಾತ್ರೆಯೊಳಗೆ ಇಟ್ಟರು. ಮತ್ತೆ ತೆಗೆದರು. “ಮಾತು ಕೆಡಿಸಿಬಿಟ್ಟೆ ನೀನು,” ಎಂದರು. “ತಪ್ಪಿ ಬಂತು ಅಂದಿದ್ರೆ ಎಲ್ಲರಿಗೂ ಸುಲಭವಾಗ್ತಿತ್ತು.”

“ಎಲ್ಲರಿಗೂ ಅಲ್ಲ.”

“ಹೂಂ,” ಎಂದರು ಅತ್ತೆ. ಕುರ್ಚಿಯನ್ನು ಎಳೆದರು. ಪರರ ಮನೆಗೆ ಬಂದವರ ಹಾಗೆ ಅದರ ತುದಿಯಲ್ಲಿ ಕೂತರು, ಆಮೇಲೆ ಹಿಂದಕ್ಕೆ ಸರಿದು ಬೆನ್ನು ಆನಿಸಿದರು. ಒಂದು ತಟ್ಟೆ ಹತ್ತಿರ ಎಳೆದುಕೊಂಡು ತಮಗೆ ತಾವೇ ಬಡಿಸಿಕೊಂಡರು, ಮೊದಲು ಒಂದು ಚಮಚ, ಮತ್ತೆ ಇನ್ನೊಂದು. ಇಬ್ಬರೂ ಮಾತಿಲ್ಲದೆ ತಿಂದರು. ಅವಳಿಗೆ ಅತ್ತೆಯ ದವಡೆ ಆಡುವುದು ಕಾಣುತ್ತಿತ್ತು, ನಿಧಾನವಾಗಿ, ರುಚಿ ನೋಡುತ್ತಾ, ಬಿಸಿಯಿದ್ದಾಗಲೇ ತಮ್ಮ ಅಡುಗೆ ಹೇಗಿರುತ್ತದೆ ಎಂದು ಮೊದಲ ಸಲ ತಿಳಿಯುತ್ತಿರುವವರ ಹಾಗೆ.

ಅಂಗಳದಿಂದ ಹೆಜ್ಜೆಗಳು ಬಂದವು. “ಅಮ್ಮಾ, ಎಲ್ಲರಿಗೂ ಹಸಿವಾಗಿದೆ, ಬಡಿಸ್ತೀಯಾ?” ಎನ್ನುತ್ತಾ ಅವನು ಬಾಗಿಲಿಗೆ ಬಂದವನು ಅಲ್ಲೇ ನಿಂತ. ಹಿಂದೆ ಇನ್ನುಳಿದವರು ನಿಂತರು. ಅವನು ತನ್ನ ಕುರ್ಚಿಯನ್ನು ನೋಡಿದ. ಅಮ್ಮನ ಮುಂದಿನ ತಟ್ಟೆಯನ್ನು ನೋಡಿದ. ಅವಳು ತುತ್ತನ್ನು ಬಾಯಿಗಿಟ್ಟುಕೊಂಡು, ಕಣ್ಣು ತಗ್ಗಿಸದೆ, ಅಗಿಯುತ್ತಿದ್ದಳು.

“ಅಮ್ಮ?” ಎಂದ ಮತ್ತೆ.

ಅತ್ತೆ ಬಾಯಲ್ಲಿದ್ದದ್ದನ್ನು ಅವಸರವಿಲ್ಲದೆ ನುಂಗಿದರು.

“ನಾವು ಕೂತಿದೀವಿ,” ಎಂದರು. “ಸ್ವಲ್ಪ ಹೊತ್ತು ಹೊರಗೇ ಇರಿ.”

ಆಮೇಲೆ ತರಕಾರಿಯ ಪಾತ್ರೆಯನ್ನು ಅವಳ ಕಡೆಗೆ ತಳ್ಳಿ, “ಹಾಕ್ಕೋ, ಬೇಕಾದಷ್ಟಿದೆ,” ಎಂದರು.